ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರಕ್ಕೆ ಆದೇಶ ಸಾಕೇ, ಕಾಯ್ದೆ ಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ದೇಶದ ಭಯೋತ್ಪಾದನಾ ನಿಗ್ರಹ ಕಾರ್ಯವನ್ನು ಒಂದೇ ಕಡೆಯಿಂದ ಸಮನ್ವಯಗೊಳಿಸಬೇಕೆಂದು ಕೇಂದ್ರ ಸರ್ಕಾರವು 2012ರಲ್ಲಿ ರೂಪಿಸಿದ ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರ, ಅಂದರೆ ಎನ್‌ಸಿಟಿಸಿ, ಬಾಗಿಲು ತೆರೆಯುವ ಮೊದಲೇ ನಿಂತುಹೋಯಿತು. ದೊಡ್ಡ ದಾಳಿಯೊಂದು ನಡೆದಾಗಲೆಲ್ಲ ಅದರ ಹೆಸರು ಮತ್ತೆ ಕೇಳಿಬರುತ್ತದೆ. ಅದನ್ನು ಆದೇಶದ ಬದಲು ಸಂಸತ್ತಿನ ಕಾಯ್ದೆಯ ಮೂಲಕವೇ ತರಬೇಕಿತ್ತೇ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ. ಈ ವಿಷಯದಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕೆಲವು ಕಡೆ ಬರೆದವರ ಅಭಿಪ್ರಾಯವೂ ಸೇರಿದೆ, ಅದನ್ನು ಮರೆಮಾಚಿಲ್ಲ.

ಎನ್‌ಸಿಟಿಸಿ ಮಾಡಬೇಕಿದ್ದ ಕೆಲಸವಾದರೂ ಏನು?

ಭಯೋತ್ಪಾದನೆಗೆ ಸಂಬಂಧಿಸಿದ ಮಾಹಿತಿಯನ್ನು ಬೇರೆ ಬೇರೆ ಸಂಸ್ಥೆಗಳಿಂದ ತರಿಸಿಕೊಳ್ಳುವುದು, ಅದನ್ನು ಜೋಡಿಸಿ ವಿಶ್ಲೇಷಿಸುವುದು, ಬೇಕಾದವರಿಗೆ ತಲುಪಿಸುವುದು, ಸಂದರ್ಭ ಬಂದಾಗ ಕಾರ್ಯಾಚರಣೆಗೂ ಇಳಿಯುವುದು. ಮೊದಲಿನ ಮೂರು ಕೆಲಸಗಳ ಬಗ್ಗೆ ಯಾರದೂ ದೊಡ್ಡ ತಕರಾರಿರಲಿಲ್ಲ. ಜಗಳವೆಲ್ಲ ನಾಲ್ಕನೆಯದರ ಸುತ್ತಲೇ ನಡೆಯಿತು.

ಇಂಥ ಕೇಂದ್ರವೊಂದು ಬೇಕೆಂಬ ಯೋಚನೆ ಎಲ್ಲಿಂದ ಬಂತು?

ಮೂಲ ಹುಡುಕಿದರೆ ಕಾರ್ಗಿಲ್‌ವರೆಗೆ ಹೋಗಬೇಕಾಗುತ್ತದೆ. 1999ರ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯ ಪರಿಶೀಲನಾ ಸಮಿತಿಯು ಗುಪ್ತಚರ ವ್ಯವಸ್ಥೆಯ ಲೋಪಗಳನ್ನು ಎತ್ತಿ ತೋರಿಸಿತು. ಆ ವರದಿಯನ್ನು ಆಧರಿಸಿ ಸಚಿವರ ಗುಂಪೊಂದು 2001ರ ಫೆಬ್ರುವರಿಯಲ್ಲಿ ಶಿಫಾರಸುಗಳನ್ನು ಕೊಟ್ಟಿತು. ಅದರ ಫಲವಾಗಿ ಅದೇ ವರ್ಷದ ಕೊನೆಯಲ್ಲಿ ಗುಪ್ತಚರ ದಳದೊಳಗೆ, ಅಂದರೆ ಐಬಿಯೊಳಗೆ, ಬಹು ಸಂಸ್ಥೆಗಳ ಮಾಹಿತಿ ಕೇಂದ್ರವೊಂದು ಹುಟ್ಟಿತು. ಇಲಾಖೆಯವರ ಬಾಯಲ್ಲಿ ಅದು ‘ಮ್ಯಾಕ್’.

ಮ್ಯಾಕ್ ಇದ್ದರೂ 2008ರ ನವೆಂಬರ್ 26ರಂದು ಹತ್ತು ಮಂದಿ ಸಮುದ್ರದ ಮೂಲಕ ಮುಂಬೈಗೆ ಬಂದಿಳಿದರು. 166 ಜನ ಪ್ರಾಣ ಕಳೆದುಕೊಂಡರು. ಆ ದಾಳಿಗೆ ಮುನ್ನ ಸುಳಿವುಗಳು ಇರಲಿಲ್ಲವೆಂದಲ್ಲ. ಸಮುದ್ರ ಮಾರ್ಗದ ಬಗ್ಗೆ, ದೊಡ್ಡ ಹೋಟೆಲುಗಳ ಬಗ್ಗೆ ಎಚ್ಚರಿಕೆಗಳು ಬೇರೆ ಬೇರೆ ಕಡೆಯಿಂದ ಬಂದಿದ್ದವು. ಆದರೆ ಒಂದು ಕಡತದಲ್ಲಿದ್ದ ಸುಳಿವು ಇನ್ನೊಂದು ಕಡತದ ಸುಳಿವನ್ನು ಸಂಧಿಸಲಿಲ್ಲ. ದಾಳಿಯ ಸ್ಥಳಗಳನ್ನು ಮೊದಲೇ ನೋಡಿಟ್ಟುಕೊಂಡು ಹೋಗಿದ್ದ ಡೇವಿಡ್ ಹೆಡ್ಲಿಯು ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಹಲವು ಬಾರಿ ಭಾರತಕ್ಕೆ ಬಂದಿದ್ದ. ದಾಳಿ ಮುಗಿದ ಮೇಲೆ, 2009ರ ಮಾರ್ಚ್‌ನಲ್ಲಿ, ಮತ್ತೊಮ್ಮೆ ಬಂದು ನಿರಾತಂಕವಾಗಿ ಮರಳಿದ. ವೀಸಾ ವಿವರ ಒಂದು ಕಡೆ, ವಲಸೆ ದಾಖಲೆ ಇನ್ನೊಂದು ಕಡೆ, ಹೋಟೆಲಿನ ರಿಜಿಸ್ಟರು ಮತ್ತೊಂದು ಕಡೆ ಇದ್ದವು. ಸಮನ್ವಯ ಎಂಬ ಸಪ್ಪೆ ಪದದ ನಿಜವಾದ ತೂಕ ತಿಳಿಯಬೇಕಾದರೆ ಆ ಮಾರ್ಚ್ ತಿಂಗಳ ಪ್ರವಾಸವೊಂದನ್ನು ನೆನೆದರೆ ಸಾಕು.

ಈ ಪ್ರಸ್ತಾವವನ್ನು ಮುಂದಿಟ್ಟವರು ಯಾರು?

ಮುಂಬೈ ದಾಳಿಯ ಬೆನ್ನಲ್ಲೇ ಗೃಹ ಸಚಿವರಾದ ಪಿ. ಚಿದಂಬರಂ. 2009ರ ಡಿಸೆಂಬರ್ 23ರಂದು ಐಬಿಯ ವಾರ್ಷಿಕ ಉಪನ್ಯಾಸದಲ್ಲಿ ಅವರು ಆಂತರಿಕ ಭದ್ರತೆಗೆ ಹೊಸ ವಿನ್ಯಾಸವೊಂದನ್ನು ಬಿಡಿಸಿ ಹೇಳಿದರು. ಎನ್‌ಸಿಟಿಸಿ ಅದರ ಕೇಂದ್ರಬಿಂದುವಾಗಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕ ಮೂವತ್ತಾರು ತಿಂಗಳಲ್ಲಿ ಇದನ್ನು ಮಾಡಿ ಮುಗಿಸಿತು, ಭಾರತ ಅಷ್ಟು ಕಾಲ ಕಾಯಲಾಗದು, 2010ರ ಕೊನೆಯೊಳಗೆ ಆಗಬೇಕು ಎಂಬುದು ಅವರ ವಾದ. ಗೃಹ ಸಚಿವಾಲಯದ ಇತರ ಹೊಣೆಗಳನ್ನು ಬೇರ್ಪಡಿಸಿ, ಆಂತರಿಕ ಭದ್ರತೆಗೇ ಪ್ರತ್ಯೇಕ ಸಚಿವರಿರಬೇಕೆಂಬ ಸಲಹೆಯೂ ಅದೇ ಉಪನ್ಯಾಸದಲ್ಲಿತ್ತು. ಅದು ಅಲ್ಲೇ ಉಳಿಯಿತು.

ಎನ್‌ಐಎ ಇರುವಾಗ ಇನ್ನೊಂದು ಸಂಸ್ಥೆ ಏಕೆ?

ರಾಷ್ಟ್ರೀಯ ತನಿಖಾ ದಳ, ಅಂದರೆ ಎನ್‌ಐಎ, ಘಟನೆ ನಡೆದ ಮೇಲೆ ಅಪರಾಧದ ತನಿಖೆ ಮಾಡಿ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಸುವ ಪೊಲೀಸ್ ಸಂಸ್ಥೆ. ಘಟನೆ ನಡೆಯದಂತೆ ತಡೆಯುವುದು ಎನ್‌ಸಿಟಿಸಿಯ ಉದ್ದೇಶವಾಗಿತ್ತು. ಕಾಗದದ ಮೇಲೆ ಈ ಗೆರೆ ಸ್ಪಷ್ಟವಾಗಿದೆ, ಕೆಲಸಕ್ಕಿಳಿದಾಗ ಅಷ್ಟು ಸ್ಪಷ್ಟವಲ್ಲ. ಹಳೆಯ ಪ್ರಕರಣವೊಂದರ ಆರೋಪಿಯ ಫೋನಿನಲ್ಲಿ ಸಿಕ್ಕ ಸಂಖ್ಯೆಯೇ ಮುಂದಿನ ಸಂಚಿನ ಸುಳಿವಾಗಿರಬಹುದು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಎನ್‌ಐಎ ಹುಟ್ಟಿದ್ದು ಕಾಯ್ದೆಯಿಂದ. ಅದರ ಮಸೂದೆ 2008ರ ಡಿಸೆಂಬರ್ 16ರಂದು ಮಂಡನೆಯಾಗಿ, 17ರಂದು ಲೋಕಸಭೆಯಲ್ಲಿ, 18ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಗಿ, ವರ್ಷದ ಕೊನೆಯ ದಿನ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ರಾಜ್ಯದ ಠಾಣೆಯಲ್ಲಿ ದಾಖಲಾದ ಪ್ರಕರಣದ ವರದಿ ಕೇಂದ್ರಕ್ಕೆ ಹೇಗೆ ತಲುಪಬೇಕು, ಎನ್‌ಐಎ ಕೈಗೆತ್ತಿಕೊಳ್ಳಬೇಕೇ ಎಂದು ಕೇಂದ್ರ ಎಷ್ಟು ದಿನದಲ್ಲಿ ತೀರ್ಮಾನಿಸಬೇಕು (ಹದಿನೈದು ದಿನ), ರಾಜ್ಯದ ಕೈಯಲ್ಲಿ ಏನು ಉಳಿಯುತ್ತದೆ ಎಂಬುದೆಲ್ಲ ಅದರಲ್ಲಿ ಬರೆದಿದೆ. ಒಪ್ಪದವರಿಗೆ ಪ್ರಶ್ನಿಸಲು ಒಂದು ಪಠ್ಯವಿದೆ. 2020ರ ಜನವರಿಯಲ್ಲಿ ಛತ್ತೀಸಗಡ ಸರ್ಕಾರ ಸಂವಿಧಾನದ 131ನೇ ವಿಧಿಯಡಿ ಸುಪ್ರೀಂ ಕೋರ್ಟ್‌ನಲ್ಲಿ ಆ ಕಾಯ್ದೆಯನ್ನೇ ಪ್ರಶ್ನಿಸಿ ದಾವೆ ಹೂಡಿತು.

2012ರ ಆದೇಶದಲ್ಲಿ ಏನಿತ್ತು?

ಭದ್ರತೆ ಕುರಿತ ಸಂಪುಟ ಸಮಿತಿಯು ಜನವರಿಯಲ್ಲಿ ಒಪ್ಪಿಗೆ ನೀಡಿದ ಮೇಲೆ, ಫೆಬ್ರುವರಿ 3ರಂದು ಗೃಹ ಸಚಿವಾಲಯವು ಆದೇಶ ಹೊರಡಿಸಿತು. ಮಾರ್ಚ್ 1ರಿಂದ ಕೇಂದ್ರ ಕೆಲಸ ಆರಂಭಿಸಬೇಕಿತ್ತು. ಎನ್‌ಸಿಟಿಸಿ ಐಬಿಯ ಒಳಗೇ ಇರತಕ್ಕದ್ದು, ಅದರ ನಿರ್ದೇಶಕರು ಐಬಿಯ ಮುಖ್ಯಸ್ಥರಿಗೆ ವರದಿ ಮಾಡಿಕೊಳ್ಳತಕ್ಕದ್ದು ಎಂದು ಅದರಲ್ಲಿತ್ತು. ಮಾಹಿತಿ ಸಂಗ್ರಹಕ್ಕೆ, ವಿಶ್ಲೇಷಣೆಗೆ, ಕಾರ್ಯಾಚರಣೆಗೆ ಮೂರು ವಿಭಾಗಗಳು. ಯಾವುದೇ ಸಂಸ್ಥೆಯಿಂದ ದಾಖಲೆ, ವರದಿ, ಸೈಬರ್ ಮಾಹಿತಿ ಕೇಳುವ ಅಧಿಕಾರ. ರಾಜ್ಯಗಳ ಭಯೋತ್ಪಾದನಾ ನಿಗ್ರಹ ಪಡೆಗಳ ಮುಖ್ಯಸ್ಥರನ್ನೂ ಸೇರಿಸಿಕೊಂಡ ಒಂದು ಸ್ಥಾಯಿ ಮಂಡಳಿ.

ಇಷ್ಟೇ ಆಗಿದ್ದರೆ ಆದೇಶವು ಪತ್ರಿಕೆಗಳ ಒಳಪುಟದ ಸುದ್ದಿಯಾಗಿ ಉಳಿಯುತ್ತಿತ್ತೋ ಏನೋ. ಆದರೆ ಅದೇ ಆದೇಶದಲ್ಲಿ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ, ಅಂದರೆ ಯುಎಪಿಎಯ, ಎರಡು ಸೆಕ್ಷನ್‌ಗಳ ಉಲ್ಲೇಖವಿತ್ತು. ಸೆಕ್ಷನ್ 2(ಇ) ಅಡಿಯಲ್ಲಿ ಎನ್‌ಸಿಟಿಸಿಯ ನಿರ್ದೇಶಕರು ‘ನಿಯುಕ್ತ ಪ್ರಾಧಿಕಾರಿ’ಯಾಗುತ್ತಾರೆ, ಸೆಕ್ಷನ್ 43ಎ ಅಡಿಯಲ್ಲಿ ಅದರ ಕಾರ್ಯಾಚರಣೆ ವಿಭಾಗದ ಅಧಿಕಾರಿಗಳು ಬಂಧಿಸುವ, ಶೋಧಿಸುವ ಅಧಿಕಾರ ಪಡೆಯುತ್ತಾರೆ. ರಾಜ್ಯ ಸರ್ಕಾರಗಳು ಬೆಚ್ಚಿದ್ದು ಈ ಎರಡು ವಾಕ್ಯಗಳಿಗೆ.

ಹಾಗಾದರೆ ಅದಕ್ಕೆ ಕಾನೂನಿನ ಆಧಾರವೇ ಇರಲಿಲ್ಲ ಎನ್ನಬಹುದೇ?

ಹಾಗೆ ಹೇಳುವುದು ಅನ್ಯಾಯವಾಗುತ್ತದೆ. ಕೇಂದ್ರದ ಕಾರ್ಯಾಂಗಕ್ಕೆ ಸಂವಿಧಾನದ 73ನೇ ವಿಧಿಯು ಕೊಡುವ ಅಧಿಕಾರ ಒಂದು ಕಡೆ, ಸಂಸತ್ತೇ 2008ರಲ್ಲಿ ಯುಎಪಿಎಗೆ ಸೇರಿಸಿದ 43ಎ ಇನ್ನೊಂದು ಕಡೆ ಇದ್ದವು. ಹೊಸ ಅಧಿಕಾರವನ್ನೇನೂ ಸೃಷ್ಟಿಸುತ್ತಿಲ್ಲ, ಇದ್ದದ್ದನ್ನು ಬಳಸುತ್ತಿದ್ದೇವೆ ಎಂದು ಸರ್ಕಾರ ಹೇಳಿದಾಗ ಅಕ್ಷರಶಃ ಅದು ಸರಿಯೇ ಆಗಿತ್ತು.

ಆದರೆ ಅಕ್ಷರ ಒಂದು, ಆಶಯ ಇನ್ನೊಂದು. ಮುಂಬೈ ದಾಳಿ ನಡೆದು ಸುಮಾರು ಮೂರು ವಾರವಷ್ಟೇ ಕಳೆದಿದ್ದಾಗ, ಎರಡೇ ದಿನದ ಚರ್ಚೆಯಲ್ಲಿ ಆ ತಿದ್ದುಪಡಿಯನ್ನು ಅಂಗೀಕರಿಸಿದ ಸಂಸದರ ಮನಸ್ಸಿನಲ್ಲಿ ‘ನಿಯುಕ್ತ ಪ್ರಾಧಿಕಾರಿ’ ಎಂದರೆ ಜಂಟಿ ಕಾರ್ಯದರ್ಶಿ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಎಂಬುದಷ್ಟೇ ಇತ್ತು. ಕಾಯ್ದೆಯಲ್ಲಿ ಬರೆದಿರುವುದೂ ಅಷ್ಟೇ. ಆ ಕಿರಿದಾದ ಬಾಗಿಲಿನ ಮೂಲಕ ದೇಶದ ಅತಿ ದೊಡ್ಡ ಗುಪ್ತಚರ ಸಂಸ್ಥೆಗೆ ಮೊದಲ ಬಾರಿಗೆ ಬಂಧನದ ಅಧಿಕಾರ ಸಿಗುತ್ತದೆಂದು ಆ ದಿನ ಯಾರೂ ಸದನದ ಮುಂದೆ ಹೇಳಿರಲಿಲ್ಲ. ಕಾನೂನಿನ ಆಧಾರ ಇತ್ತು, ಆದರೆ ಅದನ್ನು ಇಂಥ ಕೆಲಸಕ್ಕೆಂದು ಮಾಡಿರಲಿಲ್ಲ ಎಂಬುದು ಈ ಬರಹದ ನಿಲುವು.

ರಾಜ್ಯಗಳು ವಿರೋಧಿಸಿದ್ದೇಕೆ?

ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಮೊದಲ ನಮೂದು ಸಾರ್ವಜನಿಕ ಸುವ್ಯವಸ್ಥೆ, ಎರಡನೆಯದು ಪೊಲೀಸ್. ದೆಹಲಿಯ ಅಧಿಕಾರಿಯೊಬ್ಬರು ರಾಜ್ಯದೊಳಗೆ ಬಂದು, ರಾಜ್ಯದ ಪೊಲೀಸರಿಗೆ ಮುನ್ಸೂಚನೆಯನ್ನೂ ಕೊಡದೆ ಒಬ್ಬರನ್ನು ಬಂಧಿಸಿ ಹೋದರೆ, ನಾಳೆ ಆ ಊರಿನಲ್ಲಿ ಗಲಭೆಯಾದಾಗ ಉತ್ತರ ಕೊಡಬೇಕಾದವರು ರಾಜ್ಯದ ಗೃಹ ಸಚಿವರೇ ಹೊರತು ದೆಹಲಿಯ ಅಧಿಕಾರಿಯಲ್ಲ. ಒಡಿಶಾದ ನವೀನ್ ಪಟ್ನಾಯಕ್ ಮೊದಲು ದನಿಯೆತ್ತಿದರು. ಪಶ್ಚಿಮ ಬಂಗಾಳದ ಮಮತಾ ಬ್ಯಾನರ್ಜಿ, ತಮಿಳುನಾಡಿನ ಜಯಲಲಿತಾ, ಬಿಹಾರದ ನಿತೀಶ್ ಕುಮಾರ್, ಗುಜರಾತಿನ ನರೇಂದ್ರ ಮೋದಿ ಹೀಗೆ ಒಬ್ಬರಿಗೊಬ್ಬರು ರಾಜಕೀಯವಾಗಿ ಆಗದವರೂ ಒಂದೇ ಸಾಲಿನಲ್ಲಿ ನಿಂತರು. ಮಮತಾ ಅವರ ಪಕ್ಷ ಆಗ ಕೇಂದ್ರ ಸರ್ಕಾರದ ಪಾಲುದಾರ ಪಕ್ಷವಾಗಿತ್ತೆಂಬುದನ್ನು ಮರೆಯುವಂತಿಲ್ಲ.

ಪ್ರಧಾನಿ ಮನಮೋಹನ್ ಸಿಂಗ್ ಮುಖ್ಯಮಂತ್ರಿಗಳಿಗೆ ಪತ್ರ ಬರೆದು ಸಮಾಧಾನಪಡಿಸಲು ಯತ್ನಿಸಿದರು. ಮಾರ್ಚ್ 1 ಬಂದು ಹೋಯಿತು, ಕೇಂದ್ರ ಆರಂಭವಾಗಲಿಲ್ಲ. ಮೇ 5ರಂದು ಎನ್‌ಸಿಟಿಸಿಗಾಗಿಯೇ ಕರೆದ ಮುಖ್ಯಮಂತ್ರಿಗಳ ಸಭೆಯಲ್ಲೂ ಒಮ್ಮತ ಮೂಡಲಿಲ್ಲ.

ಅದು ಬರೀ ರಾಜಕೀಯ ವಿರೋಧವಲ್ಲವೇ?

ರಾಜಕೀಯ ಇದ್ದೇ ಇತ್ತು. ಆಗ ವಿರೋಧಿಸಿದ ಕೆಲವರು ಮುಂದೆ ಕೇಂದ್ರದಲ್ಲಿ ಅಧಿಕಾರಕ್ಕೆ ಬಂದಾಗ, 2019ರಲ್ಲಿ, ಎನ್‌ಐಎ ಮತ್ತು ಯುಎಪಿಎ ಎರಡೂ ಕಾಯ್ದೆಗಳಲ್ಲಿ ಕೇಂದ್ರದ ಕೈಯನ್ನು ಇನ್ನಷ್ಟು ಉದ್ದ ಮಾಡಿದರು. ಆಗ ಎನ್‌ಸಿಟಿಸಿಯನ್ನು ಸಮರ್ಥಿಸಿದ ಕೆಲವರು ಈಗ ಒಕ್ಕೂಟ ತತ್ವದ ಮಾತಾಡುತ್ತಾರೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯನ್ನು ದೆಹಲಿಯ ಮಟ್ಟಿಗೂ ಅನ್ವಯಿಸಬಹುದು. ಆದರೆ ಹೇಳಿದವರ ಸ್ಥಿರತೆ ಒಂದು ಪ್ರಶ್ನೆ, ಹೇಳಿದ ಮಾತಿನ ಸತ್ಯ ಬೇರೆಯೇ ಪ್ರಶ್ನೆ. ಒಕ್ಕೂಟ ವ್ಯವಸ್ಥೆಯು ಸಂವಿಧಾನದ ಮೂಲ ಸ್ವರೂಪದ ಭಾಗವೆಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ್ದು ನಮ್ಮದೇ ರಾಜ್ಯದ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ. ಆ ತೀರ್ಪಿನ ಬೆಳಕಿನಲ್ಲಿ ನೋಡಿದರೆ ಮುಖ್ಯಮಂತ್ರಿಗಳ ಆಕ್ಷೇಪವನ್ನು ಕೇವಲ ಹಟವೆಂದು ತಳ್ಳಿಹಾಕಲಾಗದು.

ಐಬಿಯೊಳಗೆ ಇರಿಸಿದರೆ ತಪ್ಪೇನು? ಮಾಹಿತಿ ಇರುವುದೇ ಅಲ್ಲಿ ತಾನೇ?

ಮಾಹಿತಿ ಇರುವುದು ಅಲ್ಲಿಯೇ, ನಿಜ. ಮ್ಯಾಕ್‌ನ ಅನುಭವವೂ ಅಲ್ಲಿಯೇ ಬೆಳೆದದ್ದು. ತೊಡಕಿರುವುದು ಐಬಿಯ ಹುಟ್ಟಿನಲ್ಲಿ. 1887ರಲ್ಲಿ ಬ್ರಿಟಿಷರ ಕಾಲದಲ್ಲಿ ಆರಂಭವಾದ ಈ ಸಂಸ್ಥೆಗೆ ಇಂದಿಗೂ ತನ್ನದೇ ಆದ ಕಾಯ್ದೆಯಿಲ್ಲ. ಕೇಂದ್ರ ಪಟ್ಟಿಯಲ್ಲಿ ಅದನ್ನು ಕುರಿತ ನಮೂದು ಇದೆ. ಆ ನಮೂದಿನಡಿ ಸಂಸತ್ತು ಮಾಡಬಹುದಾಗಿದ್ದ ಕಾಯ್ದೆ ಮಾತ್ರ ಬಂದಿಲ್ಲ. ಅದರ ಖರ್ಚು, ಕೆಲಸ, ತಪ್ಪುಗಳನ್ನು ಪರಿಶೀಲಿಸುವ ಸಂಸದೀಯ ಸಮಿತಿಯಿಲ್ಲ. ಮಾಹಿತಿ ಹಕ್ಕು ಕಾಯ್ದೆಯಿಂದಲೂ ಅದಕ್ಕೆ ಬಹುಮಟ್ಟಿಗೆ ವಿನಾಯಿತಿ ಇದೆ. 2011ರಲ್ಲಿ ಸಂಸದ ಮನೀಶ್ ತಿವಾರಿ ಗುಪ್ತಚರ ಸಂಸ್ಥೆಗಳನ್ನು ಶಾಸನದ ಚೌಕಟ್ಟಿಗೆ ತರುವ ಖಾಸಗಿ ಮಸೂದೆ ಮಂಡಿಸಿದರೂ ಅದು ಕಾಯ್ದೆಯಾಗಲಿಲ್ಲ. ಐಬಿಗೆ ಶಾಸನದ ಆಧಾರವೇನೆಂದು ಪ್ರಶ್ನಿಸಿ ನಿವೃತ್ತ ಗುಪ್ತಚರ ಅಧಿಕಾರಿಯೊಬ್ಬರು ಕರ್ನಾಟಕ ಹೈಕೋರ್ಟ್‌ನ ಮೆಟ್ಟಿಲೇರಿದ್ದೂ ಉಂಟು.

ಇಂಥ ಸಂಸ್ಥೆಗೆ ಈವರೆಗೆ ಬಂಧಿಸುವ ಅಧಿಕಾರ ಇರಲಿಲ್ಲವೆಂಬುದೇ ಒಂದು ರಕ್ಷಣೆಯಾಗಿತ್ತು. ಸುಳಿವು ಕೊಡುವವರು ಬೇರೆ, ಸಂಕೋಲೆ ಹಾಕುವವರು ಬೇರೆ ಎಂಬ ಏರ್ಪಾಡಿನಲ್ಲಿ ಬಂಧಿಸುವ ಪೊಲೀಸರು ನ್ಯಾಯಾಲಯಕ್ಕೆ ಕಾರಣ ಹೇಳಲೇಬೇಕಾಗುತ್ತದೆ. ಬ್ರಿಟನ್ನಿನ ಆಂತರಿಕ ಗುಪ್ತಚರ ಸಂಸ್ಥೆಯಾದ ಎಂಐ5ಗೂ ಬಂಧಿಸುವ ಅಧಿಕಾರವಿಲ್ಲ. ಎರಡನ್ನೂ ಒಂದೇ ಕೈಗೆ ಕೊಡುವುದು ಸಣ್ಣ ಆಡಳಿತಾತ್ಮಕ ಮಾರ್ಪಾಡಲ್ಲ. ಸಂಸತ್ತಿನಲ್ಲಿ ಚರ್ಚೆಯಾಗದೆ ಆಗಬಾರದಂಥ ಬದಲಾವಣೆ ಅದು.

ಅಮೆರಿಕದಲ್ಲಿ ಇದೇ ಹೆಸರಿನ ಸಂಸ್ಥೆ ಇದೆಯಲ್ಲ? ಅದನ್ನೇ ಅನುಸರಿಸಿದರೆ ಆಗದೇ?

ಹೆಸರನ್ನು ತಂದೆವು, ಹೂರಣವನ್ನು ತರಲಿಲ್ಲ. ಅಮೆರಿಕದಲ್ಲೂ ಆರಂಭ ಆದೇಶದಿಂದಲೇ ಆಯಿತು: ಅಧ್ಯಕ್ಷ ಜಾರ್ಜ್ ಬುಷ್ 2004ರ ಆಗಸ್ಟ್ 27ರಂದು ಆದೇಶ ಹೊರಡಿಸಿದರು. ಆದರೆ ನಾಲ್ಕು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 17ರಂದು, ಗುಪ್ತಚರ ಸುಧಾರಣಾ ಕಾಯ್ದೆಗೆ ಅಂಕಿತ ಬಿದ್ದು ಆ ಸಂಸ್ಥೆ ಶಾಸನಬದ್ಧವಾಯಿತು. ಅದಕ್ಕೂ ಮೊದಲು 2001ರ ದಾಳಿಯನ್ನು ತನಿಖೆ ಮಾಡಿದ ಉಭಯ ಪಕ್ಷಗಳ ಆಯೋಗವು ತನ್ನ ವರದಿಯನ್ನು ಜುಲೈನಲ್ಲಿ ಜನರ ಮುಂದಿಟ್ಟಿತ್ತು. ಕೇಂದ್ರದ ನಿರ್ದೇಶಕರ ನೇಮಕಕ್ಕೆ ಸೆನೆಟ್ಟಿನ ಒಪ್ಪಿಗೆ ಬೇಕೆಂದು ಕಾಯ್ದೆ ಹೇಳಿತು. ಎಲ್ಲಕ್ಕಿಂತ ಮುಖ್ಯವಾಗಿ, ಈ ನಿರ್ದೇಶಕರು ಕಾರ್ಯಾಚರಣೆಗಳನ್ನು ತಾವೇ ನಡೆಸುವಂತಿಲ್ಲವೆಂದು ಅದೇ ಕಾಯ್ದೆಯಲ್ಲಿ ಖಚಿತವಾಗಿ ಬರೆದಿದೆ. ಅವರದು ಮಾಹಿತಿ ಜೋಡಿಸುವ, ಯೋಜನೆ ಮಾಡುವ ಕೆಲಸ. ಬಂಧಿಸುವುದು ಎಫ್‌ಬಿಐ ಕೆಲಸ.

ಚಿದಂಬರಂ ಅವರು ಹೇಳಿದ ಮೂವತ್ತಾರು ತಿಂಗಳುಗಳು ಕಳೆದದ್ದು ಹೀಗೆ. ವಿಚಾರಣೆ, ವರದಿ, ಚರ್ಚೆ, ಮಸೂದೆ ಎಲ್ಲವೂ ಆ ಲೆಕ್ಕದೊಳಗೇ ಇದ್ದವು. ಇತ್ತ ಬ್ರಿಟನ್ 2003ರಲ್ಲಿ ಎಂಐ5 ಕಚೇರಿಯೊಳಗೆ ಜಂಟಿ ವಿಶ್ಲೇಷಣಾ ಕೇಂದ್ರವೊಂದನ್ನು ಕಾಯ್ದೆಯಿಲ್ಲದೆಯೇ ಸ್ಥಾಪಿಸಿತು, ನಿಜ. ಆದರೆ ಅದರ ಕೆಲಸ ಬೆದರಿಕೆಯ ಮಟ್ಟವನ್ನು ಅಳೆಯುವುದಷ್ಟೇ ಆದ್ದರಿಂದ ಅಲ್ಲಿ ಯಾರೂ ಗಾಬರಿಯಾಗಲಿಲ್ಲ.

2013ರಲ್ಲಿ ಪರಿಷ್ಕೃತ ಕರಡು ಬಂದಿತ್ತಲ್ಲವೇ?

ಬಂದಿತ್ತು. ಅಷ್ಟರಲ್ಲಿ ಚಿದಂಬರಂ ಹಣಕಾಸು ಖಾತೆಗೆ ಮರಳಿ, ಸುಶೀಲ್‌ಕುಮಾರ್ ಶಿಂಧೆ ಗೃಹ ಸಚಿವರಾಗಿದ್ದರು. ಫೆಬ್ರುವರಿಯಲ್ಲಿ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಬಾಂಬ್ ಸ್ಫೋಟವಾದ ಮೇಲೆ ವಿಷಯಕ್ಕೆ ಮತ್ತೆ ಜೀವ ಬಂತು. ಐಬಿಯಿಂದ ಹೊರತಂದು ನೇರವಾಗಿ ಗೃಹ ಸಚಿವಾಲಯದಡಿ ಇರಿಸುವುದು, ಕಾರ್ಯಾಚರಣೆಯನ್ನು ರಾಜ್ಯ ಪೊಲೀಸರೊಂದಿಗೇ ನಡೆಸುವುದು ಎಂಬ ಬದಲಾವಣೆಗಳೊಂದಿಗೆ ಹೊಸ ಕರಡು ಜೂನ್ 5ರ ಮುಖ್ಯಮಂತ್ರಿಗಳ ಸಭೆಗೆ ಬಂತು. ವಿಷಯದಲ್ಲಿ ಇದು ಮೊದಲಿನದಕ್ಕಿಂತ ಎಷ್ಟೋ ಮೇಲು. ಆದರೆ ಮೊದಲ ಕರಡು ಹುಟ್ಟಿಸಿದ ಅನುಮಾನ ಎರಡನೆಯದನ್ನು ನುಂಗಿಹಾಕಿತು. ಚುನಾವಣೆಗೆ ಒಂದು ವರ್ಷವೂ ಉಳಿದಿರಲಿಲ್ಲ. 2014ರಲ್ಲಿ ಬಂದ ಸರ್ಕಾರ ಈ ಹೆಸರನ್ನು ಮತ್ತೆ ಎತ್ತಿಕೊಳ್ಳಲಿಲ್ಲ.

ಕಾಯ್ದೆ ಮಾಡುವ ಅಧಿಕಾರ ಸಂಸತ್ತಿಗೆ ಇದೆಯೇ? ರಾಜ್ಯಗಳ ಒಪ್ಪಿಗೆ ಬೇಡವೇ?

ಭಾರತದ ರಕ್ಷಣೆ ಕೇಂದ್ರ ಪಟ್ಟಿಯ ಮೊದಲ ನಮೂದು. ಕೇಂದ್ರದ ಗುಪ್ತಚರ ಮತ್ತು ತನಿಖಾ ಸಂಸ್ಥೆ ಎಂಟನೆಯದು. ಆಂತರಿಕ ಕ್ಷೋಭೆಯಿಂದ ಪ್ರತಿ ರಾಜ್ಯವನ್ನೂ ಕಾಪಾಡುವುದು ಕೇಂದ್ರದ ಕರ್ತವ್ಯವೆಂದು 355ನೇ ವಿಧಿ ಹೇಳುತ್ತದೆ. ಮಾಹಿತಿ ಸಂಗ್ರಹ ಮತ್ತು ವಿಶ್ಲೇಷಣೆಗೆ ಸೀಮಿತವಾದ ಕಾಯ್ದೆಗೆ ಇಷ್ಟು ಸಾಕು. ಬಂಧನದ ಅಧಿಕಾರ ಸೇರಿಸಿದ ಕ್ಷಣ ರಾಜ್ಯ ಪಟ್ಟಿಯ ‘ಪೊಲೀಸ್’ ಅಡ್ಡ ಬರುತ್ತದೆ. ಒಂದು ರಾಜ್ಯದ ಪೊಲೀಸರ ಅಧಿಕಾರವನ್ನು ಇನ್ನೊಂದು ರಾಜ್ಯಕ್ಕೆ ವಿಸ್ತರಿಸಲು ಆ ರಾಜ್ಯದ ಒಪ್ಪಿಗೆ ಬೇಕೆಂಬ ಷರತ್ತನ್ನು ಕೇಂದ್ರ ಪಟ್ಟಿಯ 80ನೇ ನಮೂದೇ ಹಾಕಿದೆ. ಸಿಬಿಐಗೆ ರಾಜ್ಯಗಳ ಸಮ್ಮತಿ ಬೇಕಾಗುವುದು ಈ ತತ್ವದಿಂದಲೇ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಅಂಥ ಸಾಮಾನ್ಯ ಸಮ್ಮತಿಯನ್ನು ಹಿಂದಕ್ಕೆ ಪಡೆದದ್ದು ಓದುಗರಿಗೆ ನೆನಪಿರಬಹುದು.

ಗೊಂದಲವಿಲ್ಲದ ದಾರಿಗಳನ್ನೂ ಸಂವಿಧಾನವೇ ತೋರಿಸಿದೆ. 249ನೇ ವಿಧಿಯಡಿ ರಾಜ್ಯಸಭೆಯು ಮೂರನೇ ಎರಡರಷ್ಟು ಬಹುಮತದಿಂದ ನಿರ್ಣಯ ಮಾಡಿದರೆ ರಾಜ್ಯ ಪಟ್ಟಿಯ ವಿಷಯದಲ್ಲೂ ಸಂಸತ್ತು ನಿಗದಿತ ಕಾಲಕ್ಕೆ ಕಾಯ್ದೆ ಮಾಡಬಹುದು. 252ನೇ ವಿಧಿಯಡಿ ಎರಡು ಅಥವಾ ಹೆಚ್ಚು ರಾಜ್ಯಗಳ ವಿಧಾನಮಂಡಲಗಳು ಕೋರಿದರೆ ಆ ರಾಜ್ಯಗಳಿಗೆ ಅನ್ವಯವಾಗುವಂತೆ ಮಾಡಬಹುದು. ಎರಡೂ ದಾರಿಗಳಲ್ಲಿ ರಾಜ್ಯಗಳ ಮನವೊಲಿಸಲೇಬೇಕು. 2012ರಲ್ಲಿ ಸರ್ಕಾರಕ್ಕೆ ರಾಜ್ಯಸಭೆಯಲ್ಲಿ ಬಹುಮತವಿರಲಿಲ್ಲ. ಆದೇಶದ ದಾರಿ ಹಿಡಿದದ್ದಕ್ಕೆ ಅದೂ ಒಂದು ಕಾರಣವಾಗಿರಬೇಕು ಎಂದು ಊಹಿಸಿದರೆ ತಪ್ಪಾಗಲಾರದು.

ಆದೇಶದ ಮೇಲೆ ನಿಂತ ಸಂಸ್ಥೆಗೆ ನಿಜವಾಗಿ ಅಪಾಯವಿದೆಯೇ?

ಸಿಬಿಐಗೆ ಆದದ್ದನ್ನು ನೋಡಿ. 1963ರ ಗೃಹ ಸಚಿವಾಲಯದ ನಿರ್ಣಯದಿಂದ ಹುಟ್ಟಿ, 1946ರ ದೆಹಲಿ ವಿಶೇಷ ಪೊಲೀಸ್ ಕಾಯ್ದೆಯಿಂದ ಅಧಿಕಾರ ಪಡೆಯುತ್ತಿದ್ದ ಆ ಸಂಸ್ಥೆಯ ರಚನೆಯೇ ಅಸಾಂವಿಧಾನಿಕವೆಂದು ಗುವಾಹಟಿ ಹೈಕೋರ್ಟ್ 2013ರ ನವೆಂಬರ್ 6ರಂದು ತೀರ್ಪು ಕೊಟ್ಟಿತು. ಸಚಿವಾಲಯದ ನಿರ್ಣಯವು ಕಾನೂನಲ್ಲ ಎಂಬುದೇ ಅದರ ತಿರುಳು. ಕೇಂದ್ರ ಸರ್ಕಾರ ಓಡೋಡಿ ಸುಪ್ರೀಂ ಕೋರ್ಟಿಗೆ ಹೋಯಿತು; ಮೂರನೆಯ ದಿನ, ಅದೂ ಶನಿವಾರ, ಮುಖ್ಯ ನ್ಯಾಯಮೂರ್ತಿಗಳ ನಿವಾಸದಲ್ಲಿ ವಿಚಾರಣೆ ನಡೆದು ತಡೆಯಾಜ್ಞೆ ಸಿಕ್ಕಿತು. ಐವತ್ತು ವರ್ಷ ಕೆಲಸ ಮಾಡಿದ ಸಂಸ್ಥೆಗೇ ಈ ಪಾಡಾದರೆ, ಎನ್‌ಸಿಟಿಸಿ ಬಂಧಿಸಿದ ಮೊದಲ ಆರೋಪಿಯ ವಕೀಲರು ಮೊದಲು ಎತ್ತುತ್ತಿದ್ದ ಆಕ್ಷೇಪ ಯಾವುದಾಗಿರುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಕಾಯ್ದೆ ಮಾಡಲು ತಡವಾಗುತ್ತದೆ, ಭಯೋತ್ಪಾದಕರು ಕಾಯುತ್ತಾರೆಯೇ?

ಎನ್‌ಐಎ ಮಸೂದೆ ಮೂರು ದಿನದಲ್ಲಿ ಎರಡೂ ಸದನ ದಾಟಿತು. ಎನ್‌ಸಿಟಿಸಿ ಆದೇಶ ಹೊರಡಿಸಿ ಹತ್ತು ವರ್ಷಕ್ಕೂ ಹೆಚ್ಚು ಕಳೆದರೂ ಸಂಸ್ಥೆ ಇಲ್ಲ. ಯಾವುದು ತಡ?

ಆದರೂ ಆ ಮೂರು ದಿನದ ವೇಗವನ್ನು ಮಾದರಿಯಾಗಿ ಹೇಳುತ್ತಿಲ್ಲ. ಭಯೋತ್ಪಾದನೆ ತಡೆಗೆಂದು ಹಿಂದೆ ತಂದ ಟಾಡಾ, ಪೋಟಾ ಕಾಯ್ದೆಗಳ ಕತೆ ನಮ್ಮ ಕಣ್ಣ ಮುಂದಿದೆ. ದುರ್ಬಳಕೆಯ ದೂರುಗಳ ನಡುವೆ ಟಾಡಾ 1995ರಲ್ಲಿ ಅವಧಿ ಮುಗಿದು ಇಲ್ಲವಾಯಿತು. 2002ರಲ್ಲಿ ಜಂಟಿ ಅಧಿವೇಶನ ಕರೆದು ಅಂಗೀಕರಿಸಿದ ಪೋಟಾವನ್ನು 2004ರಲ್ಲಿ ರದ್ದು ಮಾಡಬೇಕಾಯಿತು. ಸ್ಥಾಯಿ ಸಮಿತಿಗೆ ಕಳಿಸಿ, ರಾಜ್ಯಗಳ ಪೊಲೀಸ್ ಮಹಾನಿರ್ದೇಶಕರನ್ನೂ ವಕೀಲರನ್ನೂ ಕರೆಸಿ ಕೇಳಿ, ಒಂದು ವರ್ಷ ತೆಗೆದುಕೊಂಡರೆ ನಷ್ಟವೇನಿಲ್ಲ.

ಕಾಯ್ದೆ ಬಂದರೆ ಅದರಲ್ಲಿ ಏನಿರಬೇಕು?

ಇದು ಅಭಿಪ್ರಾಯದ ಪ್ರಶ್ನೆ. ಮೊದಲನೆಯದಾಗಿ, ಮಾಹಿತಿ ಹಂಚಿಕೊಳ್ಳುವುದು ಕೇಂದ್ರದ ಮತ್ತು ರಾಜ್ಯಗಳ ಸಂಸ್ಥೆಗಳೆರಡಕ್ಕೂ ಕಾನೂನಿನ ಕರ್ತವ್ಯವಾಗಬೇಕು. ಈಗ ಹರಿವು ಬಹುಮಟ್ಟಿಗೆ ಮೇಲ್ಮುಖವಾಗಿದೆ. ರಾಜ್ಯ ಕಳಿಸಿದ ಸುಳಿವಿಗೆ ಮೇಲಿನಿಂದ ಮಾರುತ್ತರ ಬರುವುದು ಕಡಿಮೆ ಎಂಬ ದೂರು ಪೊಲೀಸ್ ವಲಯದಲ್ಲಿ ಹಳೆಯದು. ಕೊಟ್ಟವರಿಗೆ ಮರಳಿ ತಿಳಿಸುವ ಹೊಣೆಯೂ ಕಾಯ್ದೆಯಲ್ಲಿರಲಿ. ಎರಡನೆಯದಾಗಿ, ಬಂಧನ ರಾಜ್ಯ ಪೊಲೀಸರ ಅಥವಾ ಎನ್‌ಐಎಯ ಕೈಯಲ್ಲೇ ಉಳಿಯಲಿ. ಸಮನ್ವಯ ಮಾಡುವವರ ಕೈಯಲ್ಲಿ ಕೋಳ ಇರಬೇಕಾಗಿಲ್ಲ. ನಿರ್ದೇಶಕರಿಗೆ ನಿಶ್ಚಿತ ಅಧಿಕಾರಾವಧಿ ಇರಲಿ. ಉಭಯ ಸದನಗಳ ಒಂದು ಸಣ್ಣ ಸಮಿತಿ ಮುಚ್ಚಿದ ಬಾಗಿಲಿನಲ್ಲಾದರೂ ವರ್ಷಕ್ಕೊಮ್ಮೆ ಲೆಕ್ಕ ಕೇಳಲಿ. ಸ್ಥಾಯಿ ಮಂಡಳಿಯಲ್ಲಿ ರಾಜ್ಯಗಳ ಪ್ರತಿನಿಧಿಗಳು ಕೇಳಿಸಿಕೊಂಡು ಬರುವವರಷ್ಟೇ ಆಗದೆ, ಕಾರ್ಯಸೂಚಿಗೆ ವಿಷಯ ಸೇರಿಸುವ ಹಕ್ಕು ಪಡೆದಿರಲಿ.

ಇದರಲ್ಲಿ ಹೊಸದೇನೂ ಇಲ್ಲ. ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಂ. ವೀರಪ್ಪ ಮೊಯಿಲಿ ಅಧ್ಯಕ್ಷರಾಗಿದ್ದ ಎರಡನೇ ಆಡಳಿತ ಸುಧಾರಣಾ ಆಯೋಗವು, ಮುಂಬೈ ದಾಳಿಗೆ ಕೆಲವೇ ತಿಂಗಳು ಮೊದಲು, 2008ರಲ್ಲಿ, ಭಯೋತ್ಪಾದನೆ ನಿಗ್ರಹದ ಬಗ್ಗೆ ಇಡೀ ಒಂದು ವರದಿಯನ್ನೇ ಕೊಟ್ಟಿತ್ತು. ಸಮಗ್ರ ಕಾನೂನಿನ ಚೌಕಟ್ಟು ಬೇಕು, ದುರ್ಬಳಕೆ ತಡೆಯುವ ಏರ್ಪಾಡೂ ಅದರಲ್ಲೇ ಇರಬೇಕು ಎಂಬುದು ಅದರ ಒಟ್ಟು ಧಾಟಿ.

ನ್ಯಾಟ್‌ಗ್ರಿಡ್ ಎಂದರೆ ಇದೇ ಏನು?

ಅಲ್ಲ. ಅದು ರೈಲು, ವಿಮಾನ, ಬ್ಯಾಂಕು, ವಲಸೆ ಮೊದಲಾದ ದತ್ತಾಂಶಗಳನ್ನು ಅಧಿಕೃತ ಸಂಸ್ಥೆಗಳು ಒಂದೇ ಕಡೆಯಿಂದ ಹುಡುಕಲು ಮಾಡಿದ ಜಾಲ. ಅದರ ಬೆಂಗಳೂರು ಆವರಣವನ್ನು ಗೃಹ ಸಚಿವ ಅಮಿತ್ ಶಾ 2022ರ ಮೇ ತಿಂಗಳಲ್ಲಿ ಉದ್ಘಾಟಿಸಿದರು.

ಎನ್‌ಸಿಟಿಸಿ ಇಲ್ಲದೆಯೂ ಸಮನ್ವಯ ನಡೆಯುತ್ತಿದೆಯಲ್ಲ?

ನಡೆಯುತ್ತಿದೆ, ಕೆಲವೊಮ್ಮೆ ಚೆನ್ನಾಗಿಯೇ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾಯಿತು. ಎರಡು ದಿನಗಳಲ್ಲಿ ಪ್ರಕರಣ ಎನ್‌ಐಎಗೆ ಹೋಯಿತು. ಏಪ್ರಿಲ್ 12ರಂದು ಇಬ್ಬರು ಪ್ರಮುಖ ಆರೋಪಿಗಳು ಕೋಲ್ಕತ್ತದ ಬಳಿ ಸಿಕ್ಕಿಬಿದ್ದರು. ಕೇಂದ್ರದ ಗುಪ್ತಚರ ಸಂಸ್ಥೆಗಳ ಜೊತೆ ಕರ್ನಾಟಕ, ಕೇರಳ, ತೆಲಂಗಾಣ, ಪಶ್ಚಿಮ ಬಂಗಾಳ ಪೊಲೀಸರು ಕೈ ಜೋಡಿಸಿದ್ದರೆಂದು ಎನ್‌ಐಎಯೇ ಹೇಳಿತು. ಆ ನಾಲ್ಕು ರಾಜ್ಯಗಳಲ್ಲಿ ಒಂದರಲ್ಲೂ ಆಗ ಕೇಂದ್ರದ ಆಡಳಿತ ಪಕ್ಷದ ಸರ್ಕಾರವಿರಲಿಲ್ಲ ಎಂಬುದನ್ನು ಗಮನಿಸಬೇಕು. 2008ರ ಜುಲೈನ ಬೆಂಗಳೂರು ಸರಣಿ ಸ್ಫೋಟಗಳ ತನಿಖೆ ಕೇರಳಕ್ಕೆ ಹಬ್ಬಿದಾಗಲೂ, 2013ರ ಮಲ್ಲೇಶ್ವರ ಸ್ಫೋಟದ ಜಾಡು ತಮಿಳುನಾಡಿಗೆ ಹೋದಾಗಲೂ ರಾಜ್ಯಗಳ ಪೊಲೀಸರೇ ಗಡಿ ದಾಟಿ ಕೆಲಸ ಮಾಡಿದರು.

ಆದರೆ ಇವೆಲ್ಲ ಸ್ಫೋಟವಾದ ಮೇಲಿನ ಸಮನ್ವಯದ ಉದಾಹರಣೆಗಳು. ಸ್ಫೋಟಕ್ಕೆ ಮುಂಚಿನದರ ಬಗ್ಗೆ ಹೊರಗಿನವರು ಹೇಳಬಲ್ಲದ್ದು ಕಡಿಮೆ, ಏಕೆಂದರೆ ಅದನ್ನು ಯಾರ ಮುಂದೆ ವರದಿ ಮಾಡಬೇಕೆಂದು ಹೇಳುವ ಕಾಯ್ದೆಯೇ ಇಲ್ಲ. ಮ್ಯಾಕ್ ಬೆಳೆಯುತ್ತ ಬಂದಿದೆ. 2008ರ ಕೊನೆಯ ದಿನ ಅದರ ಅಧಿಕಾರವನ್ನು ಹಿಗ್ಗಿಸಿ, ಹಗಲಿರುಳೂ ಕೆಲಸ ಮಾಡುವಂತೆ ಮಾಡಿದರು. 2025ರ ಮೇ ತಿಂಗಳಲ್ಲಿ ದೆಹಲಿಯ ನಾರ್ತ್ ಬ್ಲಾಕ್‌ನಲ್ಲಿ ಹೊಸ ರೂಪದಲ್ಲಿ ಉದ್ಘಾಟಿಸಿದರು. ಎನ್‌ಸಿಟಿಸಿಯ ಮೊದಲ ಮೂರು ಕೆಲಸಗಳು ಸದ್ದಿಲ್ಲದೆ ಅಲ್ಲಿ ನಡೆಯುತ್ತಿವೆ ಎನ್ನಬಹುದು. ಅದೂ ನಿಂತಿರುವುದು ಆದೇಶಗಳ ಮೇಲೆಯೇ.

2012ರ ಆದೇಶದಂತೆ ಒಬ್ಬರನ್ನು ಬಂಧಿಸಿದ್ದರೆ ಮುಂದೇನಾಗುತ್ತಿತ್ತು?

ಯುಎಪಿಎ ಸೆಕ್ಷನ್ 43ಬಿ ಪ್ರಕಾರ, ಬಂಧಿತರಿಗೆ ಬಂಧನದ ಕಾರಣವನ್ನು ತಿಳಿಸಿ, ಅವರನ್ನೂ ವಶಪಡಿಸಿಕೊಂಡ ವಸ್ತುಗಳನ್ನೂ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕಿತ್ತು. ಅಂದರೆ ಐಬಿಯ ಅಧಿಕಾರಿಗಳು ರಾಯಚೂರಿನಲ್ಲೋ ಭಟ್ಕಳದಲ್ಲೋ ಒಬ್ಬರನ್ನು ಹಿಡಿದು ಸ್ಥಳೀಯ ಠಾಣೆಗೆ ತಂದು ಬಿಡುತ್ತಿದ್ದರು. ಅಲ್ಲಿಂದ ಮುಂದಿನದೆಲ್ಲ ಠಾಣಾಧಿಕಾರಿಯ ತಲೆಯ ಮೇಲೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಯಾವ ಸುಳಿವಿನ ಮೇಲೆ ಹಿಡಿದಿರಿ ಎಂದು ಅವರು ಕೇಳಿದರೆ ಉತ್ತರ ಹೇಳಬೇಕು. ಆ ಸುಳಿವು ಗುಪ್ತಚರ ಕಡತದಲ್ಲಿದೆ, ಕಡತ ದೆಹಲಿಯಲ್ಲಿದೆ. ಅದನ್ನು ಬರೆದ ಅಧಿಕಾರಿ ಸಾಕ್ಷಿಯ ಕಟಕಟೆಗೆ ಬರುವರೇ, ಠಾಣಾ ದಿನಚರಿಯಲ್ಲಿ ಬಂಧಿಸಿದವರ ಹೆಸರು, ಹುದ್ದೆಯ ಜಾಗದಲ್ಲಿ ಏನೆಂದು ನಮೂದಿಸಬೇಕು ಎಂಬುದಕ್ಕೆ ಆ ಆದೇಶದಲ್ಲಿ ಉತ್ತರವಿರಲಿಲ್ಲ.